ಭಾವನ ಗಾಡಿಯ ಹೆಡ್ ಗ್ಯಾಸ್ಕೆಟ್

ತಾಮ್ರದ ಗ್ಯಾಸ್ಕೆಟ್ಟನ್ನು ಎರಡನೆಯ ಸಲ ಬಳಸಬೇಕಾದರೆ ಮೊದಲು ಅದನ್ನು ಕೆಂಪಗೆ ಕಾಯಿಸಬೇಕು. ಎಂಜಿನ್ನಿನ ಸಿಲಿಂಡರಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವೆ ಇರುವ ಬಳೆಯಾಕಾರದ ತಗಡು ಅದು. ಒಳಗಿನ ಸ್ಫೋಟದ ಒತ್ತಡ ಹೊರಗೆ ಸೋರದಂತೆ ತಡೆಯುವುದು ಅದರ ಕೆಲಸ. ಒಮ್ಮೆ ಬಿಗಿಸಿಕೊಂಡು ಓಡಿದ ತಾಮ್ರ ಗಡಸಾಗಿಬಿಡುತ್ತದೆ. ಗಡಸಾದದ್ದು ಲೋಹದ ಸಣ್ಣ ಏರುತಗ್ಗುಗಳಿಗೆ ಹೊಂದಿಕೊಳ್ಳುವುದಿಲ್ಲ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಹೊಸ ಗ್ಯಾಸ್ಕೆಟ್ ಬೇಕೆಂದರೆ ಬೆಂಗಳೂರಿನಿಂದ ತರಿಸಲು ವಾರ ಹಿಡಿಯುತ್ತಿದ್ದ ಆ ದಿನಗಳಲ್ಲಿ, ಎಂದರೆ ಎಂಬತ್ತರ ದಶಕದ ಆರಂಭದಲ್ಲಿ, ತಿಪಟೂರಿನ ನಮ್ಮ ಗ್ಯಾರೇಜಿನಲ್ಲಿ ಈ ಕೆಲಸಕ್ಕೆ ತೆಂಗಿನ ಕರಟದ ಕೆಂಡವನ್ನು ಬಳಸುತ್ತಿದ್ದೆವು. ಕೊಬ್ಬರಿ ಮಂಡಿಗಳ ಹಿಂದೆ ಕರಟ ರಾಶಿ ಬಿದ್ದಿರುತ್ತಿತ್ತು. ಸೌದೆಯ ಕೆಂಡಕ್ಕೆ ಇಲ್ಲದ ಕಾವು ಅದಕ್ಕಿದೆ.

ನಾನು ಆ ಗ್ಯಾರೇಜಿಗೆ ಸೇರುವ ಮೊದಲು ತುರುವೇಕೆರೆಯ ಕಡೆಯ ಒಂದು ಮಾಧ್ಯಮಿಕ ಶಾಲೆಯಲ್ಲಿ ನಾಲ್ಕು ವರ್ಷ ಕನ್ನಡ ಕಲಿಸಿದ್ದೆ. ನನ್ನ ತರಗತಿಯಲ್ಲಿ ಹ್ರಸ್ವ ದೀರ್ಘಗಳು ತಪ್ಪುತ್ತಿರಲಿಲ್ಲ. ತಪ್ಪದಿರಲು ಕಾರಣ ನನ್ನ ಪಾಠವಲ್ಲ, ಏಟು. ಒಂದು ದಿನ ಏಳನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಕೆನ್ನೆಗೆ ಬೀಸಿದ ಅಂಗೈ ಅವನ ಕಿವಿಗೆ ಬಿತ್ತು. ಕಿವಿಯಿಂದ ರಕ್ತ ಬಂತು. ಆ ಕಿವಿ ಮತ್ತೆ ಕೇಳಿಸಲಿಲ್ಲವೆಂದು ಆಮೇಲೆ ತಿಳಿಯಿತು. ಅವನ ತಂದೆ ಶಾಲೆಗೆ ಬಂದು ನನ್ನನ್ನು ನೋಡಿಕೊಂಡು ಹೋದರು. ನಾನು ರಾಜೀನಾಮೆ ಬರೆದುಕೊಟ್ಟೆ. ಅದರಲ್ಲಿಯೂ ಒಂದು ಅಕ್ಷರ ತಪ್ಪಿರಲಿಲ್ಲ.

ಗ್ಯಾರೇಜಿನಲ್ಲಿ ಏಟು ತಿನ್ನುವ ಸರದಿ ನನ್ನದಾಯಿತು. ಯಜಮಾನರು ಬಾಯಿಂದ ಹೇಳಿಕೊಡುತ್ತಿದ್ದುದು ಕಡಿಮೆ. ತಪ್ಪು ಅಳತೆಯ ಸ್ಪ್ಯಾನರ್ ತಂದರೆ ಅದರಿಂದಲೇ ಮೊಣಕೈಗೆ ಹೊಡೆಯುವರು. ತಳದಲ್ಲಿ ಬಿದ್ದ ನಟ್ಟನ್ನು ಹುಡುಕಲು ಬಗ್ಗಿದರೆ ಬೆನ್ನಿಗೆ ಗುದ್ದುವರು. ಅರುವತ್ತು ದಾಟಿದ ಮನುಷ್ಯ, ಆದರೂ ಆ ಗುದ್ದಿಗೆ ಉಸಿರು ನಿಲ್ಲುತ್ತಿತ್ತು. ಇಪ್ಪತ್ತೇಳು ವರ್ಷದ, ಕನ್ನಡಕ ಹಾಕಿದ ನಾನು ಅದನ್ನು ಸಹಿಸಿಕೊಂಡೆ. ನನಗೆ ಸಲ್ಲಬೇಕಾದದ್ದು ಸಲ್ಲುತ್ತಿದೆ ಎಂಬ ಭಾವನೆ ನನ್ನಲ್ಲಿತ್ತು. ಅವರು ನನ್ನನ್ನು ಕರೆಯುತ್ತಿದ್ದುದು 'ಮೇಷ್ಟ್ರೇ' ಎಂದು. ಹೊಡೆಯುವಾಗಲೂ ಬಹುವಚನವನ್ನು ಬಿಡುತ್ತಿರಲಿಲ್ಲ, ಕೋಪ ತೀರಾ ಏರಿದಾಗ ಮಾತ್ರ ಬಿಡುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಹೆಡ್ ಬಿಚ್ಚುವ ಕೆಲಸವನ್ನೆಲ್ಲ ನನಗೇ ಒಪ್ಪಿಸಿದರು. ನಾನು ಪ್ರತಿಯೊಂದು ಹೆಜ್ಜೆಯನ್ನೂ ಕ್ರಮವಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಆ ಕ್ರಮವನ್ನು ಮೀರದೆ ನಡೆಯುತ್ತಿದ್ದೆ. ನಾನು ಕೂರಿಸಿದ ಹೆಡ್ಡು ಸೋರಿದ ದಾಖಲೆ ಇರಲಿಲ್ಲ.

ನನ್ನ ಅಕ್ಕನನ್ನು ನೊಣವಿನಕೆರೆಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವನಿಗೆ ಒಳ್ಳೆಯ ತೋಟವಿತ್ತು, ಅಟ್ಟದ ತುಂಬ ಕಾಯಿ ಇತ್ತು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುತ್ತಾರೆ. ಒಳಗಿನ ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಲೊಡಲೊಡ ಸದ್ದು ಮಾಡತೊಡಗಿದ ಮೇಲೆ ಇಳಿಸಿ ಒಡೆಯುತ್ತಾರೆ. ಕರಟ ಒಡೆಯಬೇಕು, ಉಂಡೆ ಕೊಬ್ಬರಿಗೆ ಮಚ್ಚು ತಾಗಬಾರದು. ತಾಗಿ ಗೀರು ಬಿದ್ದ ಕೊಬ್ಬರಿಯನ್ನು ಹರಾಜಿನಲ್ಲಿ ಬೇರೆ ರಾಶಿಗೆ ಎಸೆಯುತ್ತಾರೆ. ಅಕ್ಕ ಈ ಕೆಲಸದಲ್ಲಿ ಊರಿಗೇ ಹೆಸರಾದವಳು. ಆದರೂ ಸಾವಿರ ಕಾಯಿಗೆ ನಾಲ್ಕೈದು ತಪ್ಪುವುದು ಯಾರ ಕೈಯಲ್ಲಾದರೂ ಇದ್ದದ್ದೇ. ಆ ನಾಲ್ಕೈದನ್ನು ಭಾವ ಸಂಜೆ ಎತ್ತಿ ಬೇರೆ ಇಡುತ್ತಿದ್ದ. ಪ್ರತಿ ಗೀರಿಗೂ ಒಂದು ಏಟು. ತೆಂಗಿನ ಗರಿಯ ಒಣ ದಿಂಡಿನಿಂದ. ಮದುವೆಯಾಗಿ ಎಂಟು ವರ್ಷವಾಗಿ ಮಕ್ಕಳಾಗದಿದ್ದುದು ಅವನಿಗೆ ಇನ್ನೊಂದು ನೆಪ. ಇದೆಲ್ಲ ನಮಗೆ ಗೊತ್ತಿತ್ತು. ನಮ್ಮ ತಾಯಿ ಬದುಕಿದ್ದಾಗ ಎರಡು ಸಲ ಹೋಗಿ, ಭಾವನ ಕೈಹಿಡಿದು, ಬೇಡಿಕೊಂಡು ಬಂದಿದ್ದರು. ಎರಡು ಸಲವೂ ಅವರು ಬಸ್ಸು ಹತ್ತಿದ ಮೇಲೆ ಅಕ್ಕನಿಗೆ ಏಟು ಬಿದ್ದಿತ್ತು.

ಒಂದು ಮಧ್ಯಾಹ್ನ ಅಕ್ಕ ಒಬ್ಬಳೇ ಗ್ಯಾರೇಜಿಗೆ ಬಂದಳು. ಬಲಗೈಗೆ ಹಳೆಯ ಸೀರೆಯ ಅಂಚನ್ನು ಸುತ್ತಿದ್ದಳು. ಎಡಗೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು.

"ಹುಳಿಯಾರಿಗೆ ಹೋಗ್ತಾ ಇದೀನಿ ಕಣೋ, ಚಿಕ್ಕಮ್ಮನ ಮನೆಗೆ. ನಾಡಿದ್ದು ಬೆಳಿಗ್ಗೆ ಆರು ಗಂಟೆ ಬಸ್ಸಿಗೆ ತುಮಕೂರು. ಆಸ್ಪತ್ರೇಲಿ ದಾದಿ ಟ್ರೈನಿಂಗಿಗೆ ಹೆಸರು ಬಂದೈತೆ. ಹತ್ತು ಗಂಟೆಗೆ ಕೂಗ್ತಾರಂತೆ."

"ಭಾವನಿಗೆ ಗೊತ್ತೆ?"

"ಗೊತ್ತಾಗಿದ್ರೆ ನಾನು ಇಲ್ಲಿ ನಿಂತಿರ್ತಿದ್ನಾ?"

"ಕೈಗೆ ಏನಾಯಿತು?"

"ಐದು ಕೊಬ್ಬರಿಗೆ ಮಚ್ಚು ತಗುಲ್ತು."

"ಕೈ ಕೇಳಿದೆ ನಾನು."

"ಮಚ್ಚು ತಗುಲಿದ್ದು ಕೊಬ್ಬರಿಗೆ ಕಣೋ. ಕೈಗೆ ತಗುಲಿದ್ದು ನಿಮ್ ಭಾವ." ಅವಳು ಹೇಳಿ ನಕ್ಕಳು. ಚೀಲದಲ್ಲಿ ಅವಳ ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ, ತುಮಕೂರಿನಿಂದ ಬಂದ ಕಾಗದ, ಎರಡು ಸೀರೆ ಇದ್ದವು. "ಈ ಸಲ ತಪ್ಪಿದ್ರೆ ವಯಸ್ಸು ಮುಗೀತದೆ. ಮುಂದಿನ ವರ್ಷ ತಗೊಳಲ್ಲ. ನೀನು ಬಾಯಿ ಬುಡಬೇಡ, ಅಷ್ಟೇ."

ನಾನು ಬಾಯಿ ಬಿಡಲಿಲ್ಲ. ಬಿಟ್ಟವನು ಅವಳು ಹುಳಿಯಾರಿಗೆ ಹೋದ ಬಸ್ಸಿನ ಕಂಡಕ್ಟರು. ಅವನು ಭಾವನ ಪರಿಚಯದವನು. ನೊಣವಿನಕೆರೆಯಲ್ಲಿ ಕಾಫಿ ಕುಡಿಯುವಾಗ, ನಿಮ್ಮ ಮನೆಯವರನ್ನು ಹುಳಿಯಾರಿನಲ್ಲಿ ಇಳಿಸಿದೆ ಎಂದು ಮರ್ಯಾದೆಗೆ ಹೇಳಿದನಂತೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಭಾವ ತನ್ನ ಮೋಟಾರ್ ಸೈಕಲ್ಲನ್ನು ಇಬ್ಬರು ಹಮಾಲಿಗಳ ಕೈಯಲ್ಲಿ ತಳ್ಳಿಸಿಕೊಂಡು ಗ್ಯಾರೇಜಿಗೆ ಬಂದ. ಒಂದೇ ಸಿಲಿಂಡರಿನ, ಮುನ್ನೂರೈವತ್ತು ಸಿ.ಸಿ.ಯ ಭಾರಿ ಗಾಡಿ. ಹಿಂದೆ ಕೊಬ್ಬರಿ ಮೂಟೆ ಕಟ್ಟಿ ಹರಾಜಿಗೆ ತಂದವನು ದಾರಿಯಲ್ಲಿ ಎಂಜಿನ್ನನ್ನು ಕಾಯಿಸಿ, ಗ್ಯಾಸ್ಕೆಟ್ಟನ್ನು ಹಾರಿಸಿಕೊಂಡಿದ್ದ.

"ಏನ್ ಮೇಷ್ಟ್ರೇ, ಮುದುಕಿ ಕೆಮ್ದಂಗೆ ಕೆಮ್ತಾ ಐತೆ, ಸ್ವಲ್ಪ ನೋಡಿ," ಎಂದ ನನಗೆ.

"ಎಷ್ಟು ಮೂಟೆ ಏರ್ಸಿದ್ಯಪ್ಪ?" ಎಂದು ಯಜಮಾನರು ಕೇಳಿದರು.

"ಎರಡೇ."

"ಎರಡು ಮೂಟೆ ಹೇರೋಕೆ ಇದೇನು ಎತ್ತಿನ ಗಾಡಿಯಾ? ಎತ್ತಾದ್ರೂ ಮಲಗಿಬಿಡ್ತಿತ್ತು."

ಭಾವ ಎಣ್ಣೆಯ ಡಬ್ಬವೊಂದನ್ನು ಎಳೆದುಕೊಂಡು ಕೂತ. "ನಾಲ್ಕು ಗಂಟೆಗೆ ಗಾಡಿ ಓಡ್ಬೇಕು. ಹುಳಿಯಾರಿಗೆ ಹೋಗಿ ಇವರಕ್ಕನ್ನ ಕರ್ಕೊಂಡು ಬರ್ಬೇಕು. ಓಡಲ್ಲ ಅಂದ್ರೆ ಹೇಳ್ಬುಡಿ, ನಾಲ್ಕೂವರೆ ಬಸ್ಸು ಐತೆ."

"ಎರಡು ದಿನದ ಕೆಲಸ, ಭಾವ," ಎಂದೆ.

ಯಜಮಾನರ ಅಂಗೈ ನನ್ನ ತಲೆಯ ಹಿಂಭಾಗಕ್ಕೆ ಬಿತ್ತು. ಕನ್ನಡಕ ಹಾರಿ ನೆಲಕ್ಕೆ ಹೋಯಿತು. "ಯಾವ ಎರಡು ದಿನಾನ್ಲಾ? ಹೆಡ್ ಎತ್ತಿ ಇಳ್ಸೋಕೆ ಎರಡು ದಿನಾನಾ? ನನ್ನ ಗಿರಾಕಿ ಎದುರಿಗೆ ನನ್ನ ಮಾನ ಕಳೀತೀಯಾ?"

"ಬಸ್ಸು ಬ್ಯಾಡ ಅಂತ ನಂಗೂ ಇದೆ ಯಜಮಾನ್ರೇ," ಎಂದು ಭಾವ ಬೀಡಿ ಹಚ್ಚಿದ. "ಬಸ್ಸಲ್ಲಿ ಎಳ್ಕೊಂಡು ಬಂದ್ರೆ ಅವಳು ಬಾಯಿ ಮಾಡ್ತಾಳೆ. ನಾಕು ಜನ ಕತೆ ಕೇಳ್ತಾರೆ. ಗಾಡೀಲಿ ಹಿಂದೆ ಕೂತ್ರೆ ಗಾಳಿ ಹತ್ರ ಹೇಳ್ಕೋಬೇಕು."

ಹೀಗೆ ಲೆಕ್ಕ ನನ್ನ ಮುಂದೆ ಸ್ಪಷ್ಟವಾಗಿ ನಿಂತಿತು. ಗಾಡಿಯನ್ನು ರಿಪೇರಿ ಮಾಡದಿದ್ದರೆ ಅವನು ನಾಲ್ಕೂವರೆ ಬಸ್ಸಿಗೆ ಹತ್ತಿ ಹುಳಿಯಾರು ತಲುಪುತ್ತಾನೆ. ಮಾಡಿದರೆ ಗಾಡಿಯಲ್ಲಿ ತಲುಪುತ್ತಾನೆ. ಅಕ್ಕ ಆರು ಗಂಟೆಯ ಬಸ್ಸು ಹತ್ತಬೇಕಾದರೆ ಗಾಡಿ ಇಲ್ಲಿಂದ ಸರಿಯಾಗಿ ಹೊರಡಬೇಕು. ನಾಲ್ಕೂವರೆ ಬಸ್ಸು ಅವನ ಕೈತಪ್ಪಿದ ಮೇಲೆ ಎಲ್ಲಿಯೋ ದಾರಿಯಲ್ಲಿ ಕೆಡಬೇಕು.

ಟ್ಯಾಂಕು ಬಿಚ್ಚಿದೆ. ಕಾರ್ಬುರೇಟರು, ಸೈಲೆನ್ಸರಿನ ಕೊಳವೆ ಬಿಚ್ಚಿದೆ. ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ, ಹೆಡ್ಡಿನ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸಡಿಲಿಸಿದೆ. ಹೆಡ್ಡನ್ನು ಎತ್ತಿದಾಗ ಗ್ಯಾಸ್ಕೆಟ್ಟಿನ ಒಂದು ಪಕ್ಕದಲ್ಲಿ ಕಪ್ಪು ಹಾದಿ ಕಾಣಿಸಿತು. ಉರಿ ಅಲ್ಲಿಂದ ನುಗ್ಗಿತ್ತು. ಈ ಕೆಲಸದುದ್ದಕ್ಕೂ ಭಾವ ಪಕ್ಕದಲ್ಲೇ ಕೂತು ಮಾತನಾಡುತ್ತಿದ್ದ.

"ಈ ಸಲ ಕೈಗೆ ಹಾಕಲ್ಲ ಮೇಷ್ಟ್ರೇ. ಕೈಗೆ ಹಾಕಿದ್ರೆ ಕೊಬ್ಬರಿ ಒಡೆಯೋರು ಯಾರು? ಕಾಲಿಗೆ ಹಾಕ್ತೀನಿ. ಕೂತ್ಕೊಂಡು ಒಡೀಬೋದು. ಓಡಿ ಹೋಗೋಕೂ ಆಗಲ್ಲ. ನೀವು ಓದಿದೋರು, ಹೇಳಿ, ತಪ್ಪಾ?"

ನಾನು ಹೆಡ್ಡಿನ ಮಸಿ ಕೆರೆಯುತ್ತಿದ್ದೆ.

"ಮಾತಾಡಲ್ಲ ನೋಡಿ ಯಜಮಾನ್ರೇ. ಸ್ಕೂಲಲ್ಲಿ ಬರೀ ಇವರೇ ಮಾತಾಡ್ತಿದ್ರಂತೆ."

"ಕೆಲಸ ಮಾಡೋನ ಹತ್ರ ಬಾಯಿ ಹಾಕ್ಬ್ಯಾಡಪ್ಪ," ಎಂದರು ಯಜಮಾನರು. ಕಾಲು ಮುರಿಯುವ ಮಾತಿಗೆ ಅವರು ಏನೂ ಹೇಳಲಿಲ್ಲ. ಗಂಡ ಹೆಂಡಿರ ವಿಷಯವೆಂದು ಅವರ ಲೆಕ್ಕ. ಆ ಬೀದಿಯ ಎಲ್ಲರ ಲೆಕ್ಕವೂ ಅದೇ ಆಗಿತ್ತು, ಅಂದಿನವರೆಗೆ ನನ್ನದೂ.

ಟೈಮಿಂಗ್ ಕೆಡಿಸುವುದು ನನಗೆ ಮೊದಲು ಹೊಳೆದ ದಾರಿ. ಈಚೆಗೆ ಕಾರುಗಳಲ್ಲಿ ಬಂದಿರುವ ಹಲ್ಲಿನ ಟೈಮಿಂಗ್ ಬೆಲ್ಟುಗಳನ್ನು ನಾನೂ ಬದಲಾಯಿಸುತ್ತೇನೆ. ಆ ಗಾಡಿಯಲ್ಲಿ ಬೆಲ್ಟಿನ ಬದಲು ಹಲ್ಲಿನ ಚಕ್ರಗಳಿದ್ದವು, ಒಂದರ ಚುಕ್ಕೆಗೆ ಇನ್ನೊಂದರ ಚುಕ್ಕೆ ಎದುರಾಗಿ ಕೂರಬೇಕಿತ್ತು. ಒಂದು ಹಲ್ಲು ಆಚೆಗೆ ಕೂರಿಸಿದರೆ ಸಾಕು, ವಾಲ್ವು ತೆರೆಯುವ ಹೊತ್ತು ತಪ್ಪುತ್ತದೆ. ಆದರೆ ಹಾಗೆ ಮಾಡಿದ ಎಂಜಿನ್ನಿನ ಸದ್ದಿನಲ್ಲಿಯೇ ತಪ್ಪು ಕೇಳಿಸುತ್ತದೆ. ಯಜಮಾನರ ಕಿವಿಗೆ ಅರೆನಿಮಿಷ ಸಾಕು. ಅಲ್ಲದೆ ಆ ಪಕ್ಕದ ಮುಚ್ಚಳ ಬಿಚ್ಚಲು ಕಾರಣವೇ ಇರಲಿಲ್ಲ. ಉಳಿದದ್ದು ಗ್ಯಾಸ್ಕೆಟ್ಟು.

ಡಬ್ಬದಲ್ಲಿ ಹಳೆಯದೊಂದು ತಾಮ್ರದ ಗ್ಯಾಸ್ಕೆಟ್ ಸಿಕ್ಕಿತು. ಯಜಮಾನರ ಕಣ್ಣೆದುರಿಗೇ ಕರಟದ ಕೆಂಡದಲ್ಲಿ ಅದನ್ನು ಕಾಯಿಸಿ, ಬಣ್ಣ ಕೆಂಪಗಾದಾಗ ಇಕ್ಕಳದಿಂದ ಎತ್ತಿ ನೀರಿಗೆ ಬಿಟ್ಟೆ. ಅವರು ಅದನ್ನು ಬೆರಳಲ್ಲಿ ಬಾಗಿಸಿ ನೋಡಿ, ಒಪ್ಪಿ, ಊಟಕ್ಕೆ ಹೋದರು. ಭಾವನೂ ಹೋಟೆಲಿಗೆ ಹೋದ. ನಾನು ಗ್ಯಾಸ್ಕೆಟ್ಟನ್ನು ಹಿತ್ತಲಿಗೆ ಒಯ್ದು, ಅಲ್ಲಿದ್ದ ರೈಲು ಕಂಬಿಯ ತುಂಡಿನ ಮೇಲೆ ಮಲಗಿಸಿ, ಸುತ್ತಿಗೆಯಿಂದ ಬಡಿಯತೊಡಗಿದೆ.

ತಾಮ್ರವನ್ನು ಕಾಯಿಸಿದರೆ ಮೆತ್ತಗಾಗುತ್ತದೆ, ಬಡಿದರೆ ಗಡಸಾಗುತ್ತದೆ. ಮೊದಲ ಏಟುಗಳಿಗೆ ಅದು ಒದ್ದೆ ಬಟ್ಟೆಯ ಹಾಗೆ ಮಂಕಾದ ಸದ್ದು ಮಾಡಿತು. ಸುತ್ತ ಎರಡು ಬಾರಿ ಬಡಿದು ಬರುವಷ್ಟರಲ್ಲಿ ಸದ್ದು ಏರಿತ್ತು. ನನ್ನ ಮುಂದೆ ಆಗ ತಾಮ್ರವಿರಲಿಲ್ಲ. ಭಾವನ ಹಲ್ಲುಗಳಿದ್ದವು, ಬೀಡಿ ಹಿಡಿದ ಬೆರಳಿತ್ತು, ಮೊಣಕಾಲ ಚಿಪ್ಪಿತ್ತು. ಒಂದೊಂದನ್ನೂ ಕ್ರಮವಾಗಿ ಬಡಿದೆ. ನಡುವೆ ಒಮ್ಮೆ ನನ್ನ ಹೆಬ್ಬೆರಳೂ ಸಿಕ್ಕಿ ಉಗುರಿನಡಿ ರಕ್ತ ಕಟ್ಟಿತು, ನಿಲ್ಲಿಸಲಿಲ್ಲ. ಕೊನೆಗೆ ಗ್ಯಾಸ್ಕೆಟ್ಟು ಗಂಟೆಯ ಹಾಗೆ ಟಿಣ್ಣೆಂದಿತು. ಸೀಮೆಎಣ್ಣೆಯಲ್ಲಿ ಒರೆಸಿ ತಂದು ಮೇಜಿನ ಮೇಲಿಟ್ಟೆ. ನನ್ನ ಅಂದಾಜಿನಲ್ಲಿ ಅದು ಚಿಕ್ಕನಾಯಕನಹಳ್ಳಿಯವರೆಗೆ ತಡೆಯುತ್ತದೆ. ಅಲ್ಲಿಂದಾಚೆ ಎಂಜಿನ್ನು ಪೂರ್ತಿ ಕಾದಾಗ ಸೀಳು ಬಿಟ್ಟು, ಬುಸುಗುಟ್ಟಿ, ಬಯಲಲ್ಲಿ ನಿಲ್ಲುತ್ತದೆ. ಹುಳಿಯಾರಿಗೆ ನಾಲ್ಕೂವರೆಯದೇ ಕೊನೆಯ ಬಸ್ಸು, ಅದು ಹೋಗುವುದು ಬೇರೆ ದಾರಿಯಲ್ಲಿ.

ಇಲ್ಲಿಂದ ಮುಂದಿನದನ್ನು ಬರೆಯುವುದು ನನಗೆ ಕಷ್ಟ. ಆದರೂ ಕ್ರಮ ತಪ್ಪಿಸದೆ ಬರೆಯುತ್ತೇನೆ. ಹೆಡ್ಡಿನ ಅಡಿಯನ್ನು ನಾನು ಬೆಳಿಗ್ಗೆಯೇ ಗಾಜಿನ ಮೇಲೆ ಹಾಸಿದ ಮರಳುಕಾಗದಕ್ಕೆ ಉಜ್ಜಿ, ಎಲ್ಲಿಯೂ ಕೂದಲೆಳೆಯಷ್ಟು ತಗ್ಗಿರದಂತೆ ಮಟ್ಟ ಮಾಡಿದ್ದೆ. ಹಾಗೆ ಮಾಡಬೇಕಿರಲಿಲ್ಲ. ಮಾಡಿದ್ದೆ. ಊಟ ಮುಗಿಸಿ ಬಂದ ಯಜಮಾನರ ಎದುರಿಗೆ ಗ್ಯಾಸ್ಕೆಟ್ಟಿಟ್ಟು, ಹೆಡ್ಡು ಕೂರಿಸಿ, ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಒಂದು ಸುತ್ತು ಬಿಗಿದೆ. ಎರಡನೆಯ ಸುತ್ತು ಬಿಗಿದೆ. ಆಗ ಯಾರೋ ಸ್ಕೂಟರಿನವರು ಬಂದರೆಂದು ಯಜಮಾನರು ಎದ್ದು ಹೊರಗೆ ಹೋದರು. ಮೂರನೆಯ ಸುತ್ತಿನ ಹೊತ್ತಿಗೆ ನನ್ನ ಕೈಯನ್ನು ನೋಡುವವರು ಯಾರೂ ಇರಲಿಲ್ಲ. ಬಿಟ್ಟುಬಿಡಬಹುದಿತ್ತು. ಆ ಸುತ್ತನ್ನೂ ಬಿಗಿದೆ. ನಾಲ್ಕು ನಟ್ಟಿಗೂ ಒಂದೇ ಬಲ, ಉಸಿರು ಬಿಗಿಹಿಡಿದು, ಸ್ಪ್ಯಾನರಿನ ಹಿಡಿ ಕೈಗೆ ಎದುರು ಹೇಳುವ ಆ ಒಂದು ಬಿಂದುವಿನವರೆಗೆ. ತಲೆಯಲ್ಲಿ ಗಾಡಿ ಕೆಡಬೇಕೆಂಬ ಯೋಚನೆಯೇ ಓಡುತ್ತಿತ್ತು. ಕೈ ತನಗೆ ತಿಳಿದದ್ದನ್ನು ಮಾಡುತ್ತಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಭಾವ ಕಿಕ್ಕರನ್ನು ಒದ್ದ. ಎರಡನೆಯ ಒದೆತಕ್ಕೆ ಎಂಜಿನ್ನು ಹತ್ತಿತು. ಯಜಮಾನರು ಹೆಡ್ಡು ಕೂಡುವ ಅಂಚಿನ ಸುತ್ತ ಎಣ್ಣೆ ಸವರಿ ಗುಳ್ಳೆ ಏಳುತ್ತದೆಯೇ ನೋಡಿದರು. ಏಳಲಿಲ್ಲ.

"ಕೆಲಸ ಅಂದ್ರೆ ಇದು ಕಣಪ್ಪ," ಎಂದರು ಭಾವನಿಗೆ.

ನಾನು ಕೈ ಒರೆಸಿಕೊಳ್ಳುತ್ತ, "ಒಂದು ಓಟ ಓಡಿದ ಮೇಲೆ ನಾಳೆ ತನ್ನಿ, ನಟ್ಟು ಇನ್ನೊಂದು ಸಲ ಬಿಗಿಯಬೇಕು," ಎಂದೆ. ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಿದ್ದ ಮಾತು ಅದು. ಭಾವ ತಲೆಯಾಡಿಸಿ ಚಿಕ್ಕನಾಯಕನಹಳ್ಳಿಯ ರಸ್ತೆಗೆ ತಿರುಗಿದ. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಏಳೂವರೆಗೆ ಗ್ಯಾರೇಜಿನ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದಾಗ ಅದೇ ಎಂಜಿನ್ನಿನ ಸದ್ದು ಕೇಳಿಸಿತು. ಒಂದು ಬಡಿತವೂ ತಪ್ಪದ, ತುಂಬಿದ ಸದ್ದು. ಕಣ್ಣಿಗೆ ಕಾಣುವ ಮೊದಲೇ ನನಗೆ ಎಲ್ಲ ತಿಳಿಯಿತು.

ಅಕ್ಕ ಹಿಂದೆ ಒಂದು ಪಕ್ಕಕ್ಕೆ ಕೂತಿದ್ದಳು. ಎಡಗಣ್ಣು ಮುಚ್ಚಿಹೋಗಿತ್ತು. ಕೆಳದುಟಿ ಸೀಳಿ ರಕ್ತ ಒಣಗಿತ್ತು. ಬಲಗಾಲಿನಲ್ಲಿ ಚಪ್ಪಲಿಯಿರಲಿಲ್ಲ, ಗೆಣ್ಣು ಚಪ್ಪಲಿ ಹಿಡಿಸಲಾರದಷ್ಟು ಊದಿತ್ತು. ಅವಳ ಬಟ್ಟೆಯ ಚೀಲ ಹ್ಯಾಂಡಲಿಗೆ ನೇತುಬಿದ್ದಿತ್ತು.

"ಏನ್ ಕೆಲಸ ಮೇಷ್ಟ್ರೇ," ಎಂದ ಭಾವ ಗಾಡಿ ನಿಲ್ಲಿಸುತ್ತ. "ಹುಳಿಯಾರಿಗೆ ಒಂದೇ ಉಸಿರಲ್ಲಿ ಹೋಯ್ತು. ಏನೋ ಬಿಗೀಬೇಕು ಅಂದಿದ್ರಲ್ಲ, ಬಿಗೀರಿ. ಇವಳು ಇಳೀಲಿ, ಕಾಲು ಎಷ್ಟು ಆಡ್ತದೆ ನೋಡೋಣ." ಅವನು ಹೊಗಳಿದ್ದು ನಿಜವಾಗಿಯೇ. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ.

ಅಕ್ಕ ಇಳಿದು, ಗೋಡೆ ಹಿಡಿದು ನಿಂತಳು. ನನ್ನನ್ನು ನೋಡಲಿಲ್ಲ. ರಸ್ತೆಯ ಆಚೆ ತುಮಕೂರಿನ ಬಸ್ಸು ನಿಂತಿತ್ತು. ಕಂಡಕ್ಟರು ಫುಟ್‌ಬೋರ್ಡಿನಲ್ಲಿ ನಿಂತು ಊರಿನ ಹೆಸರನ್ನು ಕೂಗುತ್ತಿದ್ದ. ಅದು ಹೊರಡುವುದು ಏಳೂ ಮುಕ್ಕಾಲಿಗೆ ಎಂಬುದು ಆ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ.

ಸ್ಪ್ಯಾನರ್ ತೆಗೆದುಕೊಂಡೆ. ಮೊದಲನೆಯ ನಟ್ಟು ಕೂದಲೆಳೆಯಷ್ಟು ಸರಿಯಿತು. ಎದುರು ಮೂಲೆಯದು ಅಷ್ಟೂ ಸರಿಯಲಿಲ್ಲ. ಮೂರನೆಯದಕ್ಕೆ ಸ್ಪ್ಯಾನರ್ ಕೂರಿಸಿ, ಅದರ ಹಿಡಿಗೆ ಒಂದು ಮೊಳದ ಕಬ್ಬಿಣದ ಕೊಳವೆಯನ್ನು ಸಿಕ್ಕಿಸಿದೆ. ಕೊಳವೆ ಸಿಕ್ಕಿಸಿ ಬಿಗಿಯುವುದು ನಮ್ಮ ಗ್ಯಾರೇಜಿನಲ್ಲಿ ನಿಷಿದ್ಧ. ಬಲ ಎಷ್ಟು ಬಿತ್ತೆಂದು ಕೈಗೆ ತಿಳಿಯುವುದಿಲ್ಲ. ಯಜಮಾನರು ಒಳಗಿನಿಂದ ನೋಡಿ, "ಲೇ, ಕೊಳವೆ ಯಾಕ್ಲಾ," ಎಂದರು. ನಾನು ಎರಡೂ ಕೈಯಿಂದ, ಮೈಯ ಭಾರವನ್ನೆಲ್ಲ ಹಾಕಿ ಎಳೆದೆ. ಹಿಡಿ ಕೈಗೆ ಎದುರು ಹೇಳುವ ಬಿಂದು ಬಂತು. ದಾಟಿದೆ. ಲೋಹ ಒಂದು ಕ್ಷಣ ಮೆತ್ತಗಾದಂತೆ ಅನ್ನಿಸಿತು. ಆಮೇಲೆ ನಟ್ಟು ಕೂತಿದ್ದ ಉಕ್ಕಿನ ಸರಳು, ಸ್ಟಡ್ಡು, ಒಣ ಮೂಳೆಯ ಹಾಗೆ ಟಕ್ಕೆಂದು ಮುರಿಯಿತು; ನಾನು ಹಿಂದಕ್ಕೆ ಬಿದ್ದೆ.

"ಏನದು?" ಎಂದ ಭಾವ.

"ಸ್ಟಡ್ಡು ಮುರಿಯಿತು. ಇನ್ನು ಈ ಗಾಡಿ ಓಡುವುದಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಮುಖ ನೋಡಿದ, ರಸ್ತೆಯಾಚೆಯ ಬಸ್ಸನ್ನು ನೋಡಿದ, ಅಕ್ಕನನ್ನು ನೋಡಿದ. ನೆಲಕ್ಕೆ ಬಿದ್ದಿದ್ದ ಕೊಳವೆಯನ್ನು ಎತ್ತಿಕೊಂಡ. ಮೊದಲ ಏಟು ಏಳುತ್ತಿದ್ದ ನನ್ನ ಭುಜಕ್ಕೆ ಬಿತ್ತು. ಎರಡನೆಯದು ಬಾಯಿಗೆ, ಮೇಲಿನ ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಕೈಯಲ್ಲಿದ್ದ ಸ್ಪ್ಯಾನರನ್ನು ನಾನು ಅವನ ಮೊಣಕಾಲಿಗೆ ಬೀಸಿದೆ, ಇನ್ನೊಮ್ಮೆ ಅಲ್ಲಿಗೇ ಬೀಸಿದೆ. ಅವನು ಕುಸಿದು ನನ್ನ ಮೇಲೆಯೇ ಬಿದ್ದ. ಅವನ ಕುತ್ತಿಗೆ ನನ್ನ ಕೈಗೆ ಸಿಕ್ಕಿತು. ಹಿತವಾಗಿತ್ತು, ಇದನ್ನು ಮುಚ್ಚಿಡಲಾರೆ. ಅಕ್ಕನ ಕಣ್ಣು, ಅಕ್ಕನ ಕಾಲು ಎಂದು ನಾನೇನೂ ನೆ‍ನೆಯುತ್ತಿರಲಿಲ್ಲ, ಒತ್ತುವುದಷ್ಟೇ ಇತ್ತು. ಅವನು ಕೊಳವೆಯ ತುದಿಯಿಂದ ನನ್ನ ಎಡಗೈಯನ್ನು ನೆಲಕ್ಕೆ ಕುಟ್ಟಿ ಬಿಡಿಸಿಕೊಂಡ. ಮಣಿಕಟ್ಟಿನಲ್ಲಿ ಏನೋ ಮುರಿದದ್ದು ಕೇಳಿಸಿತು.

"ನಡಿ ಅಕ್ಕ," ಎಂದೆ. ಬಾಯಲ್ಲಿ ರಕ್ತ ತುಂಬಿ ಮಾತು ಸರಿಯಾಗಿ ಹೊರಡಲಿಲ್ಲ.

ಮೂರನೆಯ ಏಟಿಗೆ ಎತ್ತಿದ ಕೊಳವೆ ಕೆಳಗಿಳಿಯಲಿಲ್ಲ. ಯಜಮಾನರು ಹಿಂದಿನಿಂದ ಅದನ್ನು ಹಿಡಿದಿದ್ದರು. ಇನ್ನೊಂದು ಕೈಯಲ್ಲಿದ್ದ ಮರದ ಕೊಡತಿಯಿಂದ ಭಾವನ ಪಕ್ಕೆಗೆ ಒಂದು ಬಿಟ್ಟರು. ನಮಗೆಲ್ಲ ಪರಿಚಯವಿದ್ದ ಏಟು ಅದು, ಭಾವನಿಗೆ ಹೊಸದು. ಉಸಿರು ಸಿಕ್ಕದೆ ಬಾಯಿ ತೆರೆದುಕೊಂಡು ಗೋಡೆಗೆ ಒರಗಿದ.

"ನನ್ನ ಗ್ಯಾರೇಜಲ್ಲಿ ಹೊಡೆಯೋನು ನಾನೊಬ್ನೇ ಕಣಪ್ಪ," ಎಂದರು ಯಜಮಾನರು. "ಅವನು ನನ್ನ ಹತ್ರ ತಿಂತಾನೆ, ನಿನ್ನ ಹತ್ರ ಯಾಕೆ ತಿನ್ಬೇಕು?"

ಅಷ್ಟರಲ್ಲಿ ಕೊಬ್ಬರಿ ಮಂಡಿಯ ಹಮಾಲಿಗಳು, ಹೋಟೆಲಿನವನು, ಸೈಕಲ್ ಅಂಗಡಿಯವನು ಎಲ್ಲ ಬಂದು ಬಾಗಿಲಿಗೆ ಅಡ್ಡ ನಿಂತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಅಕ್ಕ ಗಾಡಿಯ ಹತ್ತಿರ ಬಂದಳು. ಹ್ಯಾಂಡಲಿನಿಂದ ಚೀಲವನ್ನು ತೆಗೆದು ಭುಜಕ್ಕೆ ಹಾಕಿಕೊಂಡಳು. ಎಡಗಾಲಿನ ಚಪ್ಪಲಿಯನ್ನೂ ಅಲ್ಲಿಯೇ ಬಿಟ್ಟಳು. ಬರಿಗಾಲಿನಲ್ಲಿ ರಸ್ತೆ ದಾಟತೊಡಗಿದಳು.

"ಏಯ್, ಎಲ್ಲಿಗೇ?" ಎಂದು ಭಾವ ಕೂಗಿದ.

"ಯಾರಪ್ಪ ಆಯಮ್ಮನ ಮುಖ ಹಂಗೆ ಮಾಡಿರೋದು?" ಎಂದು ಹಮಾಲಿಯೊಬ್ಬ ಕೇಳಿದ. ಇಪ್ಪತ್ತು ಮೂವತ್ತು ಮಂದಿಯ ಕಣ್ಣು ಅಕ್ಕನ ಮುಖದಿಂದ ಭಾವನ ಮುಖಕ್ಕೆ ತಿರುಗಿತು. ಹರಾಜಿನ ದಿನಗಳಲ್ಲಿ ಅವನ ಮೂಟೆ ಹೊತ್ತವರೇ ಅವರಲ್ಲಿ ಹಲವರು. ಅವನು ಎರಡು ಹೆಜ್ಜೆ ಮುಂದಿಟ್ಟ, ನಿಂತ. ಅಂಗಿಯ ಕಾಲರನ್ನು ಸರಿಮಾಡಿಕೊಂಡ. "ಹುಷಾರಿಲ್ಲ, ಆಸ್ಪತ್ರೆಗೆ ಹೋಗ್ತಾಳೆ," ಎಂದ ಯಾರಿಗೋ.

ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಕಂಡಕ್ಟರು ಕೈಕೊಟ್ಟು ಅಕ್ಕನನ್ನು ಎಳೆದುಕೊಂಡ. ಬಸ್ಸು ಹೊರಟಿತು.

ನನ್ನ ಮಣಿಕಟ್ಟಿಗೆ ಆರು ವಾರ ಪಟ್ಟು ಹಾಕಿದರು. ಭಾವ ಮೊಣಕಾಲು ಕಟ್ಟಿಸಿಕೊಂಡು ಊರಿಗೆ ಹೋದ. ಪೊಲೀಸರ ಹತ್ತಿರ ನಾನೂ ಹೋಗಲಿಲ್ಲ, ಅವನೂ ಹೋಗಲಿಲ್ಲ. ಮುರಿದ ಸ್ಟಡ್ಡಿನ ಗಾಡಿ ಗ್ಯಾರೇಜಿನ ಮೂಲೆಯಲ್ಲಿಯೇ ಇತ್ತು. "ಮುರಿದೋನೇ ತೆಗೀಲಿ," ಎಂದು ಯಜಮಾನರು ಅದನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಪಟ್ಟು ಬಿಚ್ಚಿದ ವಾರ ನಾನು ಹೆಡ್ಡನ್ನು ಮತ್ತೆ ಎತ್ತಿದೆ. ಗ್ಯಾಸ್ಕೆಟ್ಟಿನ ಮೇಲೆ ಸಿಲಿಂಡರಿನ ಅಂಚು ಒತ್ತಿದ ಗುರುತು ಪೂರ್ತಿ ವೃತ್ತವಾಗಿ, ಹೊಳೆಯುತ್ತ ಇತ್ತು. ಎಲ್ಲಿಯೂ ಮಸಿಯ ಎಳೆಯಿಲ್ಲ. ಎಲ್ಲಿಯೂ ಸೋರಿಲ್ಲ.

ಯಜಮಾನರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಾಗಿಸಲು ನೋಡಿದರು, ಅದು ಬಾಗಲಿಲ್ಲ. ಮೇಜಿನ ಅಂಚಿಗೆ ತಟ್ಟಿದರು. ಟಿಣ್ಣೆಂದಿತು.

"ಬಡಿದಿದ್ರಾ ಇದನ್ನ?"

"ಹೌದು."

"ದಾರೀಲಿ ನಿಲ್ಲಲಿ ಅಂತ?"

"ಹೌದು."

ಏಟಿಗಾಗಿ ನಾನು ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡೆ. ಅವರು ಹೊಡೆಯಲಿಲ್ಲ. ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

"ಬಡಿದು ಗಡಸು ಮಾಡಿದ್ಮೇಲೆ, ಮತ್ತೆ ಯಾಕ್ಲಾ ಇಷ್ಟು ಚೆನ್ನಾಗಿ ಬಿಗಿದೆ?"

ನಾನು ಕನ್ನಡಕವನ್ನು ಮತ್ತೆ ಹಾಕಿಕೊಂಡೆ. ಅವರು ಗ್ಯಾಸ್ಕೆಟ್ಟನ್ನು ಹಳೆಯ ಡಬ್ಬಕ್ಕೆ ಹಾಕಿ ಒಳಗೆ ಹೋದರು.

ಆ ತಿಂಗಳ ಕೊನೆಯಲ್ಲಿ ನಾನು ತುಮಕೂರಿಗೆ ಹೋದೆ. ಅಕ್ಕ ಅಂದು ಒಂದೂವರೆ ಗಂಟೆ ತಡವಾಗಿ ತಲುಪಿದ್ದಳು. ಹೆಸರು ಕೂಗುವ ಕೋಣೆಗೆ ಹೋಗುವ ಬದಲು ಅವಳನ್ನು ಮೊದಲು ಗಾಯಕ್ಕೆ ಮದ್ದು ಹಾಕುವ ಕೋಣೆಗೆ ಕಳಿಸಿದ್ದರಂತೆ. ಅಲ್ಲಿಂದ ಬಂದ ಮೇಲೆ, ಎಲ್ಲರೂ ಮುಗಿದ ಮೇಲೆ, ಕೊನೆಯವಳಾಗಿ ಕರೆದಿದ್ದರಂತೆ. ತರಬೇತಿಯ ಬಿಳಿ ಸೀರೆಯಲ್ಲಿ ಬಂದು ಜಗಲಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಳು. ನನ್ನ ಮಣಿಕಟ್ಟನ್ನು ತಿರುಗಿಸಿ ನೋಡಿ, ಸರಿಯಾಗಿ ಕೂಡಿಲ್ಲವೆಂದು ಬೈದಳು. ಹಲ್ಲು ಕಟ್ಟಿಸಿಕೋ ಎಂದಳು. ಆಮೇಲೆ, ಕೇಳದೆಯೇ, ಆ ಬೆಳಗಿನ ಮಾತು ತೆಗೆದಳು.

"ಹುಳಿಯಾರಿಂದ ಹೊರಟಾಗ ದಾರೀಲಿ ಎಲ್ಲಾದ್ರೂ ಗಾಡಿ ಕೆಟ್ಟು ನಿಲ್ಲಲಿ ಅಂತ ಅಂದ್ಕೊಳ್ತಾ ಕೂತಿದ್ದೆ ಕಣೋ. ನಿಂತ್ರೆ ಯಾವುದಾದ್ರೂ ಬಸ್ಸಿಗೆ ಕೈ ಅಡ್ಡ ಹಾಕೋಣ ಅಂತ. ಒಂದೊಂದು ಏರು ಬಂದಾಗ್ಲೂ, ಇಲ್ಲಿ ನಿಲ್ತದೆ, ಇಲ್ಲಿ ನಿಲ್ತದೆ ಅಂತ."

"ಹೂಂ," ಎಂದೆ.

"ಚಿಕ್ಕನಾಯಕನಹಳ್ಳಿ ಹತ್ರ ಬಂದಾಗ ನಿಮ್ ಭಾವನೇ ಅಂದ್ರು, ಹೆಡ್ಡು ಕೂರ್ಸಿರೋನು ನಿನ್ ತಮ್ಮ ಅಂತ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅಲ್ಲಿಗೆ ಆಸೆ ಬಿಟ್ಟೆ. ನನ್ ತಮ್ಮ ಕೈ ಹಾಕಿದ್ಮೇಲೆ ಇನ್ನೆಲ್ಲಿ ನಿಲ್ತದೆ ಬುಡು ಅಂದ್ಕೊಂಡೆ."

ಗ್ಯಾಸ್ಕೆಟ್ಟಿನ ವಿಷಯವನ್ನು ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಒಳಗಿನಿಂದ ಯಾರೋ ಅವಳನ್ನು ಕೂಗಿದರು. ಅವಳು ಎದ್ದು, ಬಲಗಾಲನ್ನು ಇನ್ನೂ ಸ್ವಲ್ಪ ಎಳೆಯುತ್ತ, ವಾರ್ಡಿನ ಕಡೆಗೆ ನಡೆದಳು.